ಒಂದೇ ಜೀನ್ ಬದಲಾಯಿತು, ಹುಳದ ಆಯಸ್ಸು ಎರಡು ಪಟ್ಟಾಯಿತು: ಸಿಂಥಿಯಾ ಕೆನ್ಯನ್ ಸಂಶೋಧನೆ ಬಗ್ಗೆ ಮಾತಾಡೋಣ ಬನ್ನಿ

ನಿದ್ದೆಗೆಟ್ಟವ (ಚರ್ಚೆ ಶುರು ಮಾಡಿದವರು)

ಹೋದ ವಾರ ಬೇರೊಂದು ಚರ್ಚೆಯಲ್ಲಿ ಯಾರೋ ಬರೆದಿದ್ದರು, "ವಯಸ್ಸಾಗೋದು ಅಂದರೆ ಗಾಡಿ ಓಡಿ ಓಡಿ ಸವೆದ ಹಾಗೆ, ಅದರಲ್ಲಿ ಕಂಡುಹಿಡಿಯೋಕೆ ಏನಿದೆ?" ಅಂತ. ಅಲ್ಲೇ ಉತ್ತರ ಬರೆಯಲು ಕೂತೆ. ಉದ್ದ ಆಯಿತು, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಹಾಗೆ ಅಂದುಕೊಂಡವರು ಅವರೊಬ್ಬರೇ ಅಲ್ಲ. 1990ರ ಸುಮಾರಿಗೆ ಹೆಚ್ಚಿನ ಜೀವವಿಜ್ಞಾನಿಗಳೂ ಅದನ್ನೇ ನಂಬಿದ್ದರು. ಮುಪ್ಪಿನ ಮೇಲೆ ಕೆಲಸ ಮಾಡುತ್ತೇನೆ ಅಂದರೆ ಮೂಗು ಮುರಿಯುತ್ತಿದ್ದ ಕಾಲ ಅದು. ಆಗ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಂಥಿಯಾ ಕೆನ್ಯನ್ ಇದ್ದರು. ಅವರು ಸಾಕುತ್ತಿದ್ದದ್ದು ಸಿ. ಎಲೆಗನ್ಸ್ ಅನ್ನೋ ದುಂಡುಹುಳ. ಉದ್ದ ಒಂದು ಮಿಲಿಮೀಟರ್, ಮೈಯೆಲ್ಲಾ ಪಾರದರ್ಶಕ. ಬೆಳೆದ ಹುಳದ ದೇಹದಲ್ಲಿ 959 ಜೀವಕೋಶ, ಅದರಲ್ಲಿ 302 ನರಕೋಶ. ಎರಡು ಮೂರು ವಾರದಲ್ಲಿ ಹುಟ್ಟು, ಮೊಟ್ಟೆ, ಮುಪ್ಪು, ಸಾವು ಎಲ್ಲಾ ಮುಗಿಯುತ್ತದೆ. 1960ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಸಿಡ್ನಿ ಬ್ರೆನ್ನರ್ ಇದನ್ನು ಸಂಶೋಧನೆಗೆ ಆರಿಸಿಕೊಂಡರು. ಕೆನ್ಯನ್ ಈ ಬ್ರೆನ್ನರ್ ಹತ್ತಿರವೇ ಪಳಗಿದವರು.

ಕೆನ್ಯನ್ ಹೇಳಿಕೊಂಡಿರುವ ಪ್ರಕಾರ, ಒಂದು ಸಲ ಇನ್‌ಕ್ಯುಬೇಟರ್‌ನಲ್ಲಿ ಮರೆತು ಬಿಟ್ಟಿದ್ದ ತಟ್ಟೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಹೆಚ್ಚುಕಮ್ಮಿ ಮರಿಯೇ ಹಾಕದ ತಳಿ ಅದು, ಹಾಗಾಗಿ ತಟ್ಟೆಯಲ್ಲಿ ಹಳೇ ಹುಳಗಳೇ ಉಳಿದಿದ್ದವು. ನೋಡಿದರೆ ಮುದುಕರು ಅಂತ ಗೊತ್ತಾಗುತ್ತಿತ್ತು. ಮೊದಲು ಪಾಪ ಅನ್ನಿಸಿತಂತೆ. ಆಮೇಲೆ, ಹುಳಕ್ಕೂ ಹೀಗೆ ಮುಪ್ಪು ಬರುತ್ತದೆ ಅಂದರೆ ಅದನ್ನು ನಡೆಸುವ ಜೀನ್‌ಗಳೂ ಇರಬೇಕಲ್ಲ ಅನ್ನಿಸಿತಂತೆ.

ಮೊದಲ ಹೆಜ್ಜೆ ಕೆನ್ಯನ್ ಅವರದ್ದಲ್ಲ, ಇದನ್ನು ಹೇಳಲೇಬೇಕು. ಮೈಕೆಲ್ ಕ್ಲಾಸ್ 1983ರಲ್ಲೇ ಜಾಸ್ತಿ ದಿನ ಬದುಕುವ ಹುಳಗಳನ್ನು ಹೆಕ್ಕಿದ್ದರು. 1988ರಲ್ಲಿ ಟಾಮ್ ಜಾನ್ಸನ್ ತಂಡ ಅದಕ್ಕೆ ಕಾರಣವಾದ ಜೀನ್‌ಗೆ ಏಜ್-1 ಅಂತ ಹೆಸರಿಟ್ಟಿತು. ಆ ಹುಳಗಳು ಮೊಟ್ಟೆ ಕಡಿಮೆ ಇಡುತ್ತವೆ, ಅದಕ್ಕೇ ಜಾಸ್ತಿ ಬದುಕುತ್ತವೆ ಅಂತ ಜನ ಆಗ ಅದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ.

1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಕೆನ್ಯನ್ ತಂಡದ ಲೇಖನ ಬಂತು. ಡ್ಯಾಫ್-2 ಅನ್ನೋ ಒಂದೇ ಜೀನ್ ದುರ್ಬಲವಾದ ಹುಳ ಎರಡು ಪಟ್ಟಿಗಿಂತ ಜಾಸ್ತಿ ಬದುಕಿತ್ತು. ಸುಮ್ನೆ ಜೀವ ಹಿಡಿದುಕೊಂಡು ಅಲ್ಲ, ಓಡಾಡಿಕೊಂಡು. ಇನ್ನೊಂದು ವಿಷಯವೂ ಅದರಲ್ಲೇ ಇತ್ತು. ಡ್ಯಾಫ್-16 ಅನ್ನೋ ಬೇರೊಂದು ಜೀನ್ ಕೆಡಿಸಿದರೆ ಈ ಹೆಚ್ಚುವರಿ ಆಯಸ್ಸು ಪೂರ್ತಿ ಹೋಗಿಬಿಡುತ್ತದೆ. ನನಗೆ ಇದೇ ಮುಖ್ಯ ಅನ್ನಿಸುವುದು. ಗಾಡಿ ಸುಮ್ನೆ ಸವೆಯುತ್ತಿದೆ ಅಂದರೆ, ಒಂದು ಭಾಗ ಕೆಡಿಸಿದಾಗ ಅದು ಇನ್ನಷ್ಟು ಬೇಗ ನಿಲ್ಲಬೇಕು. ಇಲ್ಲಿ ಒಂದು ಭಾಗ ತಗ್ಗಿಸಿದಾಗ ರಿಪೇರಿ ಮಾಡುವ ಇನ್ನೊಂದು ಭಾಗ ಎದ್ದು ಕೆಲಸ ಶುರು ಮಾಡಿತು. ಅಂದರೆ ಆ ರಿಪೇರಿ ಸಾಮರ್ಥ್ಯ ಹುಳದೊಳಗೆ ಮೊದಲೇ ಇತ್ತು, ಪೂರ್ತಿ ಬಳಕೆಯಾಗುತ್ತಿರಲಿಲ್ಲ ಅಷ್ಟೇ.

ಡ್ಯಾಫ್-2 ಏನು ಅಂತ 1997ರಲ್ಲಿ ಗ್ಯಾರಿ ರಫ್ಕುನ್ ತಂಡ ತೋರಿಸಿತು. ಅದು ನಮ್ಮ ಇನ್ಸುಲಿನ್ ಗ್ರಾಹಕ ಮತ್ತು ಐಜಿಎಫ್-1 ಗ್ರಾಹಕದ ಹುಳದ ರೂಪ. ಗ್ರಾಹಕ ಅಂದರೆ ಜೀವಕೋಶದ ಮೇಲಿದ್ದು ಹಾರ್ಮೋನನ್ನು ಹಿಡಿಯುವ ಪ್ರೋಟೀನ್; ಐಜಿಎಫ್-1 ಅಂದರೆ ಇನ್ಸುಲಿನ್ ಥರದ್ದೇ, ಬೆಳವಣಿಗೆಗೆ ಬೇಕಾದ ಒಂದು ಹಾರ್ಮೋನ್. ಮೈಗೆ ಊಟ ಸಿಕ್ಕಿದೆ, ಬೆಳೆಯಬಹುದು ಅಂತ ಜೀವಕೋಶಕ್ಕೆ ತಿಳಿಸುವ ವ್ಯವಸ್ಥೆ. ಆ ಸುದ್ದಿ ಕಡಿಮೆಯಾದರೆ ಡ್ಯಾಫ್-16 ಜೀವಕೋಶದ ನ್ಯೂಕ್ಲಿಯಸ್‌ಗೆ ಹೋಗಿ ರಕ್ಷಣೆಯ ಜೀನ್‌ಗಳನ್ನೆಲ್ಲಾ ಎಬ್ಬಿಸುತ್ತದೆ. ಕೆಟ್ಟ ಪ್ರೋಟೀನ್ ಸರಿಮಾಡುವವು, ರೋಗಾಣು ತಡೆಯುವವು, ಹೀಗೆ ಒಂದು ದಂಡೇ ಇದೆ.

ಈಗ ನೀವು ಹೇಳಿ. ಇದು ಹುಳದ ಕಥೆಯೋ, ನಮ್ಮ ಕಥೆಯೋ?

ಪಿಂಚಣಿ ಮೇಷ್ಟ್ರು

ಹುಳ ಮೂರು ವಾರದ ಬದಲು ಆರು ವಾರ ಬದುಕಿದರೆ ನನಗೇನು ಲಾಭ ಸ್ವಾಮಿ? ನನ್ನ ಡಿಎ ಜಾಸ್ತಿ ಆಗುತ್ತದಾ?

ಕೋಲಾರದ ಮಾವು

ದುಂಡುಹುಳ ಅಂದ ಕೂಡಲೇ ನನಗೆ ಮೈ ಉರಿಯಿತು. ನಮ್ಮ ಟೊಮೆಟೊ ಗಿಡ ಕಿತ್ತು ನೋಡಿ, ಬೇರೆಲ್ಲಾ ಗಂಟು ಗಂಟು. ಗಿಡ ನೀರು ಹಾಕಿದರೂ ಬಾಡುತ್ತದೆ. ಜಂತುಹುಳದ ಕಾಟಕ್ಕೆ ಬೇವಿನ ಹಿಂಡಿ ಹಾಕಿ, ಸಾಲಿನ ಮಧ್ಯೆ ಚೆಂಡುಹೂ ಹಾಕಿ ಸಾಕಾಗಿದೆ. ನೀವು ಅದರ ಆಯಸ್ಸು ಎರಡು ಪಟ್ಟು ಮಾಡುತ್ತೀರಾ? ಪುಣ್ಯಾತ್ಮರು.

ತಟ್ಟೆ ಎಣಿಸುವವಳು

ಕೋಲಾರದ ಅಣ್ಣಾ, ಅದು ಬೇರೆ, ಇದು ಬೇರೆ. ನಿಮ್ಮ ಬೇರುಗಂಟು ಹುಳ ಗಿಡದ ಬೇರಿನೊಳಗೆ ಸೇರಿ ರಸ ಹೀರುವ ಜಾತಿ. ಸಿ. ಎಲೆಗನ್ಸ್ ಕೊಳೆತ ಹಣ್ಣು, ಕೊಳೆತ ದಂಟಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ತಿಂದುಕೊಂಡಿರುತ್ತದೆ. ಬೆಳೆಗೆ ಏನೂ ಮಾಡುವುದಿಲ್ಲ. ನಿಮ್ಮ ಮಾವಿನ ತೋಪಿನ ಕೊಳೆತ ಹಣ್ಣಿನಲ್ಲಿ ಇದರ ನೆಂಟರು ಸಿಕ್ಕರೂ ಆಶ್ಚರ್ಯವಿಲ್ಲ.

ನಾನು ಪಿಎಚ್‌ಡಿಗೆ ಈ ಹುಳದ ಮೇಲೇ ಕೆಲಸ ಮಾಡುತ್ತಿದ್ದೇನೆ. ನಮ್ಮ ದೇಶದಲ್ಲೂ ಇದನ್ನು ಸಾಕುವ ಲ್ಯಾಬ್‌ಗಳು ಬೇಕಾದಷ್ಟಿವೆ, ಬೆಂಗಳೂರಿನ ಐಐಎಸ್‌ಸಿಯಲ್ಲೂ ಇವೆ. ಆಯಸ್ಸು ಅಳೆಯುವುದು ಹೇಗೆ ಅಂತ ಹೇಳಿದರೆ ಮೇಷ್ಟ್ರಿಗೂ ಸ್ವಲ್ಪ ಕುತೂಹಲ ಬರಬಹುದು.

ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ ಅಗರ್ ಅನ್ನೋ ಜೆಲ್ಲಿ, ಅಗರ್ ಮೇಲೆ ಇ. ಕೋಲೈ ಬ್ಯಾಕ್ಟೀರಿಯಾದ ತೆಳು ಪದರ. ಅದೇ ಊಟ. 20 ಡಿಗ್ರಿ ಇನ್‌ಕ್ಯುಬೇಟರ್. ಹುಳ ಎತ್ತಲು ಒಂದು ಕಡ್ಡಿ, ಅದರ ತುದಿಗೆ ಕೂದಲಷ್ಟು ತೆಳು ಪ್ಲಾಟಿನಂ ತಂತಿ, ತಂತಿಯ ತುದಿ ಬಡಿದು ಚಪ್ಪಟೆ ಮಾಡಿರುತ್ತೇವೆ. ಒಂದೊಂದು ಹುಳವೂ ಮುನ್ನೂರರಷ್ಟು ಮೊಟ್ಟೆ ಇಡುತ್ತದೆ. ಹಾಗಾಗಿ ಮೊಟ್ಟೆ ಇಡುವ ದಿನಗಳಲ್ಲಿ ತಾಯಿಹುಳಗಳನ್ನು ಹೊಸ ತಟ್ಟೆಗೆ ಎತ್ತಿ ಹಾಕುತ್ತಲೇ ಇರಬೇಕು. ಇಲ್ಲದಿದ್ದರೆ ತಾಯಿ ಯಾರು ಮಗಳು ಯಾರು ಅಂತ ಗೊತ್ತಾಗುವುದಿಲ್ಲ, ಪ್ರಯೋಗ ಹಾಳು.

ಆಮೇಲೆ ಸಾವು ಎಣಿಸುವ ಕೆಲಸ. ಅಲ್ಲಾಡದೆ ಬಿದ್ದಿರುವ ಹುಳದ ತಲೆಯನ್ನು ತಂತಿಯಿಂದ ಮೆಲ್ಲಗೆ ಮುಟ್ಟುತ್ತೇವೆ. ಒಂದಿಷ್ಟು ಮಿಸುಕಿದರೂ ಬದುಕಿದೆ ಅಂತ ಬರೆಯಬೇಕು. ಮುದಿ ಹುಳಗಳಲ್ಲಿ ಮೈಯೆಲ್ಲಾ ನಿಂತುಹೋಗಿ ಮೂಗಿನ ತುದಿ ಮಾತ್ರ ಅತ್ತಿತ್ತ ಆಡುತ್ತಿರುತ್ತದೆ. ಕೆಲವು ತಟ್ಟೆಯ ಗೋಡೆ ಹತ್ತಿ ಒಣಗಿ ಸಾಯುತ್ತವೆ. ಕೆಲವುದರಲ್ಲಿ ಮೊಟ್ಟೆ ಹೊಟ್ಟೆಯೊಳಗೇ ಒಡೆದು ಮರಿಗಳು ತಾಯಿಯನ್ನೇ ತಿನ್ನುತ್ತವೆ. ಇವನ್ನು ಮುಪ್ಪಿನ ಸಾವು ಅಂತ ಎಣಿಸುವುದಿಲ್ಲ. ಬೂಷ್ಟು ಬಂದರೆ ಆ ತಟ್ಟೆಯೇ ಕಸಕ್ಕೆ. ಯಾವ ತಟ್ಟೆ ಯಾವ ತಳಿಯದ್ದು ಅಂತ ಎಣಿಸುವವರಿಗೇ ಗೊತ್ತಾಗದ ಹಾಗೆ ಗುರುತು ಮುಚ್ಚಿಡುತ್ತೇವೆ. ಯಾಕೆಂದರೆ ನಮಗೆ ಬೇಕಾದ ಹುಳ ಮಿಸುಕಿದ ಹಾಗೆ ಕಣ್ಣಿಗೆ ಕಾಣುವುದು ಸಹಜ.

ಎರಡು ವಾರ ಆಗುವಷ್ಟರಲ್ಲಿ ಮಾಮೂಲಿ ಹುಳಗಳು ಮಂಕಾಗಿ, ಒಳಗೆಲ್ಲಾ ಉಂಡೆಉಂಡೆಯಾಗಿ ಬಿದ್ದಿರುತ್ತವೆ. ಡ್ಯಾಫ್-2 ತಟ್ಟೆ ಎತ್ತಿ ಇಟ್ಟರೆ ಆ ಹೊತ್ತಿಗೂ ಹುಳ ಸರಸರ ಹರಿದಾಡುತ್ತಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಹಳತಾಗಿಲ್ಲ.

ಪಿಂಚಣಿ ಮೇಷ್ಟ್ರು

ಮರಿಗಳು ತಾಯಿಯನ್ನೇ ತಿನ್ನುತ್ತವಾ! ಸರಿ ತಾಯಿ, ಕುತೂಹಲ ಬಂತು. ನಾನು ಗಣಿತ ಹೇಳಿಕೊಡುತ್ತಿದ್ದವನು, ನನ್ನ ಪಾಲಿನದ್ದೂ ಒಂದು ಹಾಕುತ್ತೇನೆ. 1825ರಲ್ಲಿ ಬೆಂಜಮಿನ್ ಗಾಂಪರ್ಟ್ಸ್ ಅನ್ನೋ ಇಂಗ್ಲಿಷ್ ಗಣಿತಜ್ಞ ಸಾವಿನ ಲೆಕ್ಕ ಹಾಕಿದ. ವಿಮೆ ಕಂಪನಿಯ ಕೆಲಸಕ್ಕೆ ಬೇಕಾಗಿದ್ದ ಲೆಕ್ಕ. ದೊಡ್ಡವರಾದ ಮೇಲೆ ಮನುಷ್ಯ ಒಂದು ವರ್ಷದೊಳಗೆ ಸಾಯುವ ಸಂಭವ ಸುಮಾರು ಎಂಟು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. 40ಕ್ಕೆ ಇಷ್ಟು ಅಂದರೆ 48ಕ್ಕೆ ಅದರ ಎರಡರಷ್ಟು, 56ಕ್ಕೆ ನಾಲ್ಕರಷ್ಟು, 64ಕ್ಕೆ ಎಂಟರಷ್ಟು. ನನ್ನ ವಯಸ್ಸಿಗೆ ಎಷ್ಟು ಅಂತ ನೀವು ಲೆಕ್ಕ ಹಾಕುವುದು ಬೇಡ.

ಇದರಿಂದ ಒಂದು ವಿಚಿತ್ರ ಹೊರಡುತ್ತದೆ. ಕ್ಯಾನ್ಸರ್ ಒಂದನ್ನು ಪೂರ್ತಿ ಅಳಿಸಿಹಾಕಿದರೂ ಜನರ ಸರಾಸರಿ ಆಯಸ್ಸಿಗೆ ಕೆಲವೇ ವರ್ಷ ಸೇರುತ್ತದೆ. ಯಾಕೆಂದರೆ ಅದರಿಂದ ತಪ್ಪಿಸಿಕೊಂಡವರನ್ನು ಹೃದಯವೋ ಮೆದುಳೋ ಹಿಂದೆಯೇ ಕಾದು ಹಿಡಿಯುತ್ತದೆ. ಆ ದುಪ್ಪಟ್ಟಾಗುವ ಗತಿಯೇ ನಿಧಾನವಾದರೆ ಮಾತ್ರ ಲೆಕ್ಕ ಬದಲಾಗುವುದು. ನಿದ್ದೆಗೆಟ್ಟವರೇ, ನೀವು ಹೇಳಿದ ಜೀನ್ ಅದನ್ನೇ ಮಾಡುತ್ತದೆ ಅಂತಲಾ?

ನಿದ್ದೆಗೆಟ್ಟವ

ಹುಳದಲ್ಲಿ ಮುಪ್ಪಿನ ಗುರುತುಗಳೆಲ್ಲಾ ಒಟ್ಟಿಗೆ ಹಿಂದೆ ಹೋಗುತ್ತವೆ ಸರ್. ಅದಕ್ಕೇ ಜನ ಎದ್ದು ಕೂತಿದ್ದು. ಒಂದೊಂದು ಕಾಯಿಲೆಗೆ ಒಂದೊಂದು ಮದ್ದು ಹುಡುಕುವ ಬದಲು, ಎಲ್ಲದಕ್ಕೂ ತಳದಲ್ಲಿರುವ ವಯಸ್ಸನ್ನೇ ಹಿಡಿಯಬಹುದಾ ಅನ್ನುವ ಪ್ರಶ್ನೆಗೆ ಮಾನ ಬಂದದ್ದು ಅಲ್ಲಿಂದ.

ಶುಗರ್ ಪಾರ್ಟಿ

ನನ್ನದೊಂದು ಪೆದ್ದು ಪ್ರಶ್ನೆ. ಇನ್ಸುಲಿನ್ ಕೆಲಸ ಕಡಿಮೆಯಾದರೆ ಹುಳ ಜಾಸ್ತಿ ಬದುಕುತ್ತದೆ ಅಂತೀರಿ. ನನಗೆ ಹನ್ನೊಂದು ವರ್ಷದಿಂದ ಶುಗರ್. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತಲೇ ಡಾಕ್ಟರು ಬೈಯುವುದು. ಹಾಗಾದರೆ ನಾನು ನೂರೈವತ್ತು ವರ್ಷ ಬದುಕಬೇಕಲ್ವಾ?

ವಾರ್ಡ್ ಡ್ಯೂಟಿ

ಪೆದ್ದು ಪ್ರಶ್ನೆಯೇನಲ್ಲ ಸರ್, ಎಂಡಿ ಓದುವಾಗ ನಾನೂ ಇದನ್ನೇ ಕೇಳಿದ್ದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹುಳಕ್ಕೆ ಇಂಥ ಗ್ರಾಹಕ ಒಂದೇ, ಡ್ಯಾಫ್-2. ಆ ಒಂದರ ಮೂಲಕವೇ ಬೆಳವಣಿಗೆ, ಸಂತಾನ, ಆಯಸ್ಸು ಎಲ್ಲಾ. ನಮ್ಮಲ್ಲಿ ಕೆಲಸ ಹಂಚಿಹೋಗಿದೆ. ಇನ್ಸುಲಿನ್ ಗ್ರಾಹಕ ಮುಖ್ಯವಾಗಿ ಸಕ್ಕರೆ ನೋಡಿಕೊಳ್ಳುತ್ತದೆ. ಐಜಿಎಫ್-1 ಗ್ರಾಹಕ ಬೆಳವಣಿಗೆ ನೋಡಿಕೊಳ್ಳುತ್ತದೆ. ಹುಳದ ಆಯಸ್ಸಿನ ಕಥೆ ನಮ್ಮ ಮಟ್ಟಿಗೆ ಈ ಎರಡನೆಯದರ ಕಡೆಗೇ ಜಾಸ್ತಿ ವಾಲುತ್ತದೆ.

ಟೈಪ್ 2 ಶುಗರ್‌ನಲ್ಲಿ ಜೀವಕೋಶ ಇನ್ಸುಲಿನ್ ಮಾತು ಕೇಳುವುದಿಲ್ಲ. ಅದಕ್ಕೇ ಮೇದೋಜೀರಕ ಗ್ರಂಥಿ ಇನ್ನೂ ಜಾಸ್ತಿ ಸುರಿಸುತ್ತದೆ. ರಕ್ತದಲ್ಲಿ ಇನ್ಸುಲಿನ್ನೂ ಜಾಸ್ತಿ, ಸಕ್ಕರೆಯೂ ಜಾಸ್ತಿ. ಆ ಸಕ್ಕರೆ ಕಣ್ಣು, ಕಿಡ್ನಿ, ನರ ಎಲ್ಲಾ ಹಾಳು ಮಾಡುತ್ತದೆ. ಡ್ಯಾಫ್-2 ಹುಳದ ಸ್ಥಿತಿ ಇದಲ್ಲ. ಟೈಪ್ 1ರಲ್ಲಿ ಇನ್ಸುಲಿನ್ ಇಲ್ಲವೇ ಇಲ್ಲ. 1922ರಲ್ಲಿ ಟೊರಾಂಟೊದಲ್ಲಿ ಮೊದಲ ಇಂಜೆಕ್ಷನ್ ಕೊಡುವವರೆಗೆ ಆ ಮಕ್ಕಳು ಬೇಗ ತೀರಿಹೋಗುತ್ತಿದ್ದರು. ಇನ್ಸುಲಿನ್ ಗ್ರಾಹಕವೇ ಕೆಟ್ಟು ಹುಟ್ಟುವ ಶಿಶುಗಳೂ ಇವೆ, ತೀರಾ ಅಪರೂಪ, ಹೆಚ್ಚಿನವು ಮೊದಲ ಒಂದೆರಡು ವರ್ಷ ದಾಟುವುದಿಲ್ಲ. ಹುಳದಲ್ಲೂ ಅಷ್ಟೇ. ಡ್ಯಾಫ್-2 ಪೂರ್ತಿ ಕಿತ್ತರೆ ಅದು ಬೆಳೆದು ದೊಡ್ಡದಾಗುವುದೇ ಇಲ್ಲ. ಸ್ವಲ್ಪ ತಗ್ಗಿಸಿದಾಗ ಮಾತ್ರ ಆಯಸ್ಸು.

ಮಾತ್ರೆ ತಪ್ಪಿಸಬೇಡಿ.

ಶುಗರ್ ಪಾರ್ಟಿ

ಆಯ್ತು ಡಾಕ್ಟ್ರೇ. ನೂರೈವತ್ತು ಕ್ಯಾನ್ಸಲ್.

ತುಂಗಾತೀರ

ನನ್ನ ತಕರಾರು ಬೇರೆ. ಒಂದು ಜೀನ್ ತಗ್ಗಿಸಿದರೆ ಎರಡು ಪಟ್ಟು ಆಯಸ್ಸು ಬರುವ ಹಾಗಿದ್ದರೆ ಪ್ರಕೃತಿ ಯಾಕೆ ಅದನ್ನು ತಾನೇ ಮಾಡಿಲ್ಲ? ಕೋಟಿಗಟ್ಟಲೆ ವರ್ಷ ಇತ್ತಲ್ಲ. ಎಲ್ಲೋ ಬೆಲೆ ತೆತ್ತಿರಲೇಬೇಕು. ಈ ವಿಷಯದ ಬಗ್ಗೆ ಬರೆಯುವವರು ಆ ಬೆಲೆಯನ್ನು ಹೇಳುವುದೇ ಇಲ್ಲ.

ತಟ್ಟೆ ಎಣಿಸುವವಳು

ಬೆಲೆ ಇದೆ. 2004ರಲ್ಲಿ ಗೋರ್ಡನ್ ಲಿಥ್‌ಗೋ ತಂಡ ಇದನ್ನೇ ಪರೀಕ್ಷೆ ಮಾಡಿತು. ಮಾಮೂಲಿ ಹುಳ, ಡ್ಯಾಫ್-2 ಹುಳ ಎರಡನ್ನೂ ಸಮಸಮ ಹಾಕಿ ಒಟ್ಟಿಗೆ ಬೆಳೆಸಿದರು. ಕೆಲವೇ ಪೀಳಿಗೆಯಲ್ಲಿ ಡ್ಯಾಫ್-2 ನಾಪತ್ತೆ. ದೀರ್ಘಾಯುಷಿಯ ವಂಶವೇ ಅಳಿಸಿಹೋಯಿತು. ಕಾರಣ ಸರಳ, ಮೊದಲ ದಿನಗಳಲ್ಲಿ ಅದು ಇಡುವ ಮೊಟ್ಟೆ ಕಡಿಮೆ. ಪ್ರಕೃತಿಯಲ್ಲಿ ಬೇಗ ಮರಿ ಹಾಕಿದವನೇ ಗೆಲ್ಲುವುದು, ಇಪ್ಪತ್ತನೇ ದಿನ ಎಷ್ಟು ಚೆನ್ನಾಗಿ ಓಡಾಡುತ್ತೀಯ ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಆದರೆ ತುಂಗಾತೀರ ಸರ್, ಅಲ್ಲಿಗೆ ನಿಲ್ಲಬೇಡಿ. 2002ರಲ್ಲಿ ಕೆನ್ಯನ್ ಲ್ಯಾಬಿನಲ್ಲೇ ಆಂಡ್ರ್ಯೂ ಡಿಲ್ಲಿನ್ ಮತ್ತು ಇತರರು ಇನ್ನೊಂದು ಕೆಲಸ ಮಾಡಿದರು. ಜೀನ್ ಹುಟ್ಟಿನಿಂದ ತಗ್ಗಿಸದೆ, ಹುಳ ದೊಡ್ಡದಾದ ಮೇಲೆ ತಗ್ಗಿಸಿದರು. ಆಯಸ್ಸು ಪೂರ್ತಿ ಸಿಕ್ಕಿತು, ಸಂತಾನಕ್ಕೆ ಪೆಟ್ಟು ಬೀಳಲಿಲ್ಲ. ಮರಿಯಾಗಿದ್ದಾಗ ಮಾತ್ರ ತಗ್ಗಿಸಿ ಆಮೇಲೆ ಬಿಟ್ಟುಬಿಟ್ಟರೆ ಆಯಸ್ಸಿಗೆ ಏನೂ ಲಾಭವಿಲ್ಲ. ಅಂದರೆ ಮಕ್ಕಳು ಮತ್ತು ಆಯಸ್ಸು, ಎರಡರಲ್ಲಿ ಒಂದು ಅನ್ನುವ ನಿಯಮ ಅಷ್ಟು ಗಟ್ಟಿಯಲ್ಲ. 2021ರಲ್ಲಿ ಸ್ವಿಟ್ಜರ್ಲೆಂಡ್‌ನ ಒಂದು ತಂಡ ಮುದಿಯಾದ ಹುಳಗಳಲ್ಲಿ ಡ್ಯಾಫ್-2 ಪ್ರೋಟೀನನ್ನೇ ಕರಗಿಸಿ, ಆಗಲೂ ಆಯಸ್ಸು ಹೆಚ್ಚುತ್ತದೆ ಅಂತ ತೋರಿಸಿತು.

ತುಂಗಾತೀರ

ಒಪ್ಪಿದೆ, ಆದರೆ ಅರ್ಧ. ಜಾಸ್ತಿ ದಿನ ಬದುಕುವುದು ಬೇರೆ, ಚೆನ್ನಾಗಿ ಬದುಕುವುದು ಬೇರೆ. 2015ರಲ್ಲಿ ಹೈಡಿ ಟಿಸೆನ್‌ಬಾಮ್ ತಂಡದ ಲೇಖನ ಓದಿದ ನೆನಪು. ಡ್ಯಾಫ್-2 ಹುಳಗಳು ಸಿಕ್ಕ ಹೆಚ್ಚಿನ ಆಯಸ್ಸಿನಲ್ಲಿ ದೊಡ್ಡ ಪಾಲನ್ನು ನಿತ್ರಾಣವಾಗಿಯೇ ಕಳೆಯುತ್ತವೆ ಅಂತ ಅದರಲ್ಲಿತ್ತು. ನಮ್ಮ ಮನೆಯಲ್ಲಿ ಅಜ್ಜಿ ಕೊನೆಗೆ ಹಾಸಿಗೆ ಹಿಡಿದದ್ದು ನೋಡಿದ್ದೇನೆ. ಹಾಸಿಗೆ ಮೇಲಿನ ವರ್ಷಗಳನ್ನು ಎರಡು ಪಟ್ಟು ಮಾಡಿಕೊಡುತ್ತೇವೆ ಅಂದರೆ ನನಗೆ ಬೇಡ.

ತಟ್ಟೆ ಎಣಿಸುವವಳು

ಅದೇ ವರ್ಷ ಅದಕ್ಕೆ ಎದುರು ಉತ್ತರವೂ ಬಂತು. ತಟ್ಟೆಯ ಮೇಲೆ ಹುಳ ಎಷ್ಟು ಓಡಾಡುತ್ತದೆ ಅಂತ ಅಳೆದರೆ ಡ್ಯಾಫ್-2 ಸೋಮಾರಿ ಥರ ಕಾಣುತ್ತದೆ. ಆದರೆ ಅದು ಊಟ ಇದ್ದ ಕಡೆ ಸುಮ್ನೆ ಬಿದ್ದಿರುವ ಸ್ವಭಾವದ್ದು. ಓಡಿಸಿ ಅದರ ಗರಿಷ್ಠ ವೇಗ ಅಳೆದರೆ ವಯಸ್ಸಾದ ಮೇಲೂ ಗಟ್ಟಿ ಇರುತ್ತದೆ ಅಂತ ಬೇರೆ ತಂಡ ತೋರಿಸಿತು. ಕೂತಿರುವ ಅಜ್ಜನಿಗೆ ಏಳಲು ಆಗುತ್ತಿಲ್ಲವೋ, ಏಳುವ ಮನಸ್ಸಿಲ್ಲವೋ ಅಂತ ದೂರದಿಂದ ಹೇಳಲು ಬರುವುದಿಲ್ಲವಲ್ಲ! ನನ್ನ ಕಣ್ಣಿಗೆ ಕಾಣುವುದು ಎರಡೂ ಸ್ವಲ್ಪ ಸ್ವಲ್ಪ ನಿಜ. ಒಳ್ಳೆಯ ದಿನಗಳು ಜಾಸ್ತಿಯಾಗುತ್ತವೆ, ಕೊನೆಯ ಕಷ್ಟದ ದಿನಗಳೂ ಎಳೆಯುತ್ತವೆ.

ಬೇ ಏರಿಯಾ ಬಿಸಿಬೇಳೆ

ಇಲ್ಲಿ ಒಂದು ಪೂರಕ ಮಾಹಿತಿ. ಗೂಗಲ್ 2013ರಲ್ಲಿ ಕ್ಯಾಲಿಕೋ ಅಂತ ಮುಪ್ಪಿನ ಸಂಶೋಧನೆಗೇ ಒಂದು ಕಂಪನಿ ಶುರು ಮಾಡಿತು. ಮಾರನೇ ವರ್ಷ ಕೆನ್ಯನ್ ಅಲ್ಲಿಗೆ ಹೋದರು. ರಫ್ಕುನ್‌ಗೆ 2024ರಲ್ಲಿ ನೊಬೆಲ್ ಬಂತು, ಆದರೆ ಆಯಸ್ಸಿಗಲ್ಲ, ಇದೇ ಹುಳದಲ್ಲಿ ಮೈಕ್ರೋಆರ್‌ಎನ್‌ಎ (ಜೀನ್‌ಗಳನ್ನು ಹತೋಟಿಯಲ್ಲಿಡುವ ಪುಟ್ಟ ಆರ್‌ಎನ್‌ಎ ತುಣುಕು) ಕಂಡುಹಿಡಿದಿದ್ದಕ್ಕೆ, ವಿಕ್ಟರ್ ಆಂಬ್ರೋಸ್ ಜೊತೆ.

ಇನ್ನು ನಾಯಿ ಸಾಕಿದವರಿಗೆ ಗೊತ್ತಿರುತ್ತದೆ, ಗ್ರೇಟ್ ಡೇನ್ ಹತ್ತು ವರ್ಷ ದಾಟುವುದೇ ಕಷ್ಟ, ಚಿವಾವಾ ಹದಿನೈದು ಆರಾಮಾಗಿ ಇರುತ್ತದೆ. ಚಿಕ್ಕ ತಳಿ ನಾಯಿಗಳಲ್ಲಿ ಐಜಿಎಫ್-1 ಜೀನ್‌ನ ಒಂದು ರೂಪ ಸಾಮಾನ್ಯ ಅಂತ 2007ರಲ್ಲಿ ಗೊತ್ತಾಯಿತು. ಗಾತ್ರಕ್ಕೆ ಅದೊಂದು ಮುಖ್ಯ ಕಾರಣ. ಆಯಸ್ಸಿಗೂ ಅದೇನಾ ಅನ್ನುವುದು ಅಷ್ಟು ನೇರವಾಗಿಲ್ಲ, ಆದರೆ ಹುಳದ ಕಥೆ ಓದಿದ ಮೇಲೆ ಎರಡನ್ನೂ ಕೂಡಿಸಿ ನೋಡದೇ ಇರಲು ಆಗುವುದಿಲ್ಲ.

ರಾತ್ರಿ ಪಾಳಿ

ನಾಯಿ ಬಿಡಿ, ಮನುಷ್ಯರದ್ದು ಹೇಳಿ. ಮನುಷ್ಯರಲ್ಲಿ ಯಾರಾದರೂ ಹೀಗೆ ಇದ್ದಾರಾ?

ವಾರ್ಡ್ ಡ್ಯೂಟಿ

ಇದ್ದಾರೆ. ಈಕ್ವೆಡಾರ್ ದೇಶದ ದಕ್ಷಿಣದ ಹಳ್ಳಿಗಳಲ್ಲಿ. ಲಾರಾನ್ ಸಿಂಡ್ರೋಮ್ ಅಂತ ಒಂದು ಆನುವಂಶಿಕ ಸ್ಥಿತಿ. ಬೆಳವಣಿಗೆ ಹಾರ್ಮೋನ್ ರಕ್ತದಲ್ಲಿ ಇರುತ್ತದೆ, ಅದನ್ನು ಹಿಡಿಯುವ ಗ್ರಾಹಕ ಕೆಟ್ಟಿರುತ್ತದೆ. ಹಾಗಾಗಿ ಐಜಿಎಫ್-1 ತೀರಾ ಕಡಿಮೆ. ಎತ್ತರ ನಾಲ್ಕಡಿ ಮುಟ್ಟುವುದೂ ಕಷ್ಟ. ಹೈಮೆ ಗೆವಾರಾ-ಅಗಿರ್ರೆ ಅನ್ನೋ ಅಲ್ಲಿನ ಡಾಕ್ಟರು 1980ರ ದಶಕದ ಕೊನೆಯಿಂದ ಅವರನ್ನು ನೋಡಿಕೊಂಡು ಬಂದರು. ಮುಪ್ಪಿನ ಸಂಶೋಧಕ ವಾಲ್ಟರ್ ಲಾಂಗೊ ಜೊತೆ ಸೇರಿ 2011ರಲ್ಲಿ ಅವರು ಬರೆದದ್ದು ದೊಡ್ಡ ಸುದ್ದಿಯಾಯಿತು. 22 ವರ್ಷ ಗಮನಿಸಿದ ಸುಮಾರು ನೂರು ಜನರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಬಂದಿತ್ತು, ಅದೂ ಸಾಯುವಂಥದ್ದಲ್ಲ. ಶುಗರ್ ಒಬ್ಬರಿಗೂ ಇಲ್ಲ. ಎಷ್ಟೋ ಜನ ಮೈಭಾರ ಜಾಸ್ತಿ ಇದ್ದವರು, ಆದರೂ ಇಲ್ಲ. ಅದೇ ಮನೆಗಳ ಮಾಮೂಲಿ ಎತ್ತರದ ನೆಂಟರಲ್ಲಿ ಕ್ಯಾನ್ಸರ್ ನೂರಕ್ಕೆ 17, ಶುಗರ್ ನೂರಕ್ಕೆ 5.

ಹಾಗಂತ ಅವರು ನೂರಿಪ್ಪತ್ತು ವರ್ಷ ಬದುಕಿದರಾ? ಇಲ್ಲ. ಅಪಘಾತ, ಕುಡಿತ, ಮೂರ್ಛೆರೋಗ, ಇಂಥವುಗಳಲ್ಲಿ ಬಹಳ ಜನ ಹೋದರು. ಒಟ್ಟು ಆಯಸ್ಸು ನೆಂಟರಿಗಿಂತ ಜಾಸ್ತಿಯೇನೂ ಕಾಣಲಿಲ್ಲ. ನನಗಂತೂ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಯೋಚನೆಗೆ ಹಚ್ಚಿದ್ದು ಈ ಹಳ್ಳಿಗಳೇ. ಜೀನ್ ಎರಡು ದೊಡ್ಡ ಕಾಯಿಲೆಗಳನ್ನು ದೂರ ಇಟ್ಟಿತು. ಬಡತನ, ರಸ್ತೆ, ಬಾಟಲಿ ಇವನ್ನು ದೂರ ಇಡಲು ಅದರ ಕೈಯಲ್ಲಿ ಆಗಲಿಲ್ಲ.

ನಿದ್ದೆಗೆಟ್ಟವ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಪ್ರಾಣಿ ದೊಡ್ಡದಾದಷ್ಟೂ ಲಾಭ ಚಿಕ್ಕದಾಗುತ್ತಾ ಬರುತ್ತದೆ. ಹುಳದಲ್ಲಿ ಎರಡು ಪಟ್ಟು. ಡ್ಯಾಫ್-2 ತಗ್ಗಿಸಿ, ಸಂತಾನದ ಅಂಗವನ್ನೂ ತೆಗೆದಾಗ ಸುಮಾರು ಆರು ಪಟ್ಟು ಬದುಕಿದ ಹುಳಗಳೂ ಕೆನ್ಯನ್ ಲ್ಯಾಬಿನಲ್ಲಿ ಇದ್ದವು, 2003ರಲ್ಲಿ. ಅದೇ ವರ್ಷ ಫ್ರಾನ್ಸ್‌ನಲ್ಲಿ ಮಾರ್ಟಿನ್ ಹೋಲ್ಜೆನ್‌ಬರ್ಗರ್ ತಂಡ ಐಜಿಎಫ್-1 ಗ್ರಾಹಕ ಅರ್ಧ ಮಾಡಿದ ಇಲಿಗಳ ಫಲಿತಾಂಶ ಹಾಕಿತು. ಹೆಣ್ಣಿಲಿಗಳು 33 ಶೇಕಡಾ ಜಾಸ್ತಿ ಬದುಕಿದವು, ಗಂಡಿಲಿಗಳಲ್ಲಿ ಗಟ್ಟಿಯಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಮನುಷ್ಯರಿಗೆ ಬಂದರೆ, ಡ್ಯಾಫ್-16ರ ನಮ್ಮ ರೂಪ ಫಾಕ್ಸೋ3. ಹವಾಯಿಯ ಜಪಾನಿ ಮೂಲದ ಗಂಡಸರಲ್ಲಿ ಈ ಜೀನ್‌ನ ಒಂದು ರೂಪ 95 ದಾಟಿದವರಲ್ಲಿ ಜಾಸ್ತಿ ಕಂಡಿತು, 2008ರಲ್ಲಿ. ಆಮೇಲೆ ಬೇರೆ ದೇಶಗಳಲ್ಲೂ ಸಿಕ್ಕಿತು. ಆದರೆ ಅದು ಸಂಭವವನ್ನು ಸ್ವಲ್ಪ ಹೆಚ್ಚಿಸುತ್ತದೆ ಅಷ್ಟೇ. ಹುಳದ ಎರಡು ಪಟ್ಟನ್ನು ಮನುಷ್ಯರಿಗೆ ಗುಣಿಸಿ 160 ಅಂತ ಬರೆಯುವ ಯೂಟ್ಯೂಬ್ ಚಾನೆಲ್‌ಗಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಅಂಗಡಿ ಬೀದಿ

ಸಿಟ್ಟು ಬರುವಂಥದ್ದು ನಾನು ಹೇಳುತ್ತೇನೆ ಕೇಳಿ. ನಮ್ಮ ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ನೋಡಿ "ವಯಸ್ಸು ಹಿಂದಕ್ಕೆ ತರುವ" ಪುಡಿ ತರಿಸಿದರು. ಎನ್‌ಎಂಎನ್ ಅಂತ ಡಬ್ಬಿ ಮೇಲೆ ಇತ್ತು. ಒಂದು ತಿಂಗಳ ಡಬ್ಬಿಗೆ ಅವರ ಮನೆ ದಿನಸಿಗಿಂತ ಜಾಸ್ತಿ ದುಡ್ಡು. ಚಿಕ್ಕಮ್ಮ ಕೇಳಿದರೆ "ನೊಬೆಲ್ ಬಂದಿರೋ ವಿಜ್ಞಾನ ಕಣೇ" ಅಂದರಂತೆ. ಡಬ್ಬಿ ಖಾಲಿಯಾಯಿತು, ಮಂಡಿನೋವು ಹಾಗೇ ಇದೆ.

ನಿದ್ದೆಗೆಟ್ಟವ

ಚಿಕ್ಕಪ್ಪನಿಗೆ ಇದನ್ನು ಓದಿ ಹೇಳಿ. ಇಂಥದ್ದು ಮೊದಲ ಸಲವಲ್ಲ. ಕೆಂಪು ವೈನ್‌ನಲ್ಲಿರುವ ರೆಸ್ವೆರಟ್ರಾಲ್ ಆಯಸ್ಸು ಹೆಚ್ಚಿಸುತ್ತದೆ ಅಂತ 2000ದ ದಶಕದಲ್ಲಿ ದೊಡ್ಡ ಗಲಾಟೆಯಾಯಿತು. ಅದರ ಮೇಲೆ ಕಟ್ಟಿದ ಸರ್ಟ್ರಿಸ್ ಕಂಪನಿಯನ್ನು 2008ರಲ್ಲಿ ಜಿಎಸ್‌ಕೆ ಅನ್ನೋ ದೊಡ್ಡ ಔಷಧಿ ಕಂಪನಿ 72 ಕೋಟಿ ಡಾಲರ್ ಕೊಟ್ಟು ಕೊಂಡಿತು. 2013ರಲ್ಲಿ ಸರ್ಟ್ರಿಸ್ ಕಚೇರಿಗೇ ಬೀಗ ಬಿತ್ತು. ಆಯಸ್ಸಿನ ಔಷಧಿ ಬರಲಿಲ್ಲ. ರೆಸ್ವೆರಟ್ರಾಲ್ ಮಾತ್ರೆ ಮಾತ್ರ ಇಂದಿಗೂ ಅಂಗಡಿಯಲ್ಲಿದೆ.

ಇಲಿಗಳಲ್ಲಿ ಗಟ್ಟಿಯಾಗಿ ನಿಂತದ್ದು ರಾಪಾಮೈಸಿನ್. ಅಮೆರಿಕದಲ್ಲಿ ಮೂರು ಬೇರೆ ಬೇರೆ ಲ್ಯಾಬ್‌ಗಳು ಒಂದೇ ಪ್ರಯೋಗ ಒಟ್ಟಿಗೆ ಮಾಡುವ ಸರ್ಕಾರಿ ಯೋಜನೆ ಇದೆ. 2009ರಲ್ಲಿ ಅಲ್ಲಿ 600 ದಿನದ ಇಲಿಗಳಿಗೆ, ಅಂದರೆ ಮುದಿಯಾದವಕ್ಕೆ, ಕೊಟ್ಟಾಗಲೂ ಆಯಸ್ಸು ಹೆಚ್ಚಿತು. ಆ ಔಷಧಿ ಹೊರಬಂದದ್ದು ಈಸ್ಟರ್ ದ್ವೀಪದಿಂದ ತಂದ ಮಣ್ಣಿನ ಬ್ಯಾಕ್ಟೀರಿಯಾದಿಂದ. ಅದನ್ನು ಬೇರ್ಪಡಿಸಿ, ಕಂಪನಿ ಕೈಬಿಟ್ಟಾಗಲೂ ಬಿಡದೆ ಹಿಡಿದವರು ಭಾರತ ಮೂಲದ ಸುರೇನ್ ಸೆಹಗಲ್. ಈಗ ಅದನ್ನು ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಡುತ್ತಾರೆ, ರೋಗನಿರೋಧಕ ಶಕ್ತಿ ತಗ್ಗಿಸಲು. ಆರೋಗ್ಯವಾಗಿರುವವರು ಸುಮ್ನೆ ನುಂಗುವ ಸರಕಲ್ಲ.

ಶುಗರ್ ಪಾರ್ಟಿ

ಕೆನ್ಯನ್ ಅವರೇ ಸಕ್ಕರೆ ಬಿಟ್ಟಿದ್ದಾರೆ ಅಂತ ಎಲ್ಲೋ ಕೇಳಿದೆ. ನಿಜವಾ? ಹಾಗಾದರೆ ಮುದ್ದೆ ಕಥೆ ಏನು? ನಾನು ಬೇಕಾದರೆ ಇನ್ಸುಲಿನ್ ಬಿಟ್ಟೇನು, ಮುದ್ದೆ ಬಿಡಲಾರೆ.

ತಟ್ಟೆ ಎಣಿಸುವವಳು

ನಿಜ. ಹುಳದ ಊಟಕ್ಕೆ ಗ್ಲೂಕೋಸ್ ಬೆರೆಸಿದಾಗ ಆಯಸ್ಸು ಸುಮಾರು 20 ಶೇಕಡಾ ಕಡಿಮೆಯಾಯಿತು. ಕೆನ್ಯನ್ ತಂಡ 2009ರಲ್ಲಿ ಅದನ್ನು ಪ್ರಕಟಿಸಿತು. ಇನ್ಸುಲಿನ್ ದಾರಿ ಎದ್ದು ಡ್ಯಾಫ್-16 ಮಂಕಾಗುತ್ತದೆ, ಅದು ಕಾರಣ. ಆ ಫಲಿತಾಂಶ ಕಂಡ ಮೇಲೆ ಸಿಹಿ, ಬ್ರೆಡ್, ಅನ್ನ ಇಂಥವನ್ನು ಕಡಿಮೆ ಮಾಡಿಕೊಂಡೆ ಅಂತ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅದು ಅವರ ಸ್ವಂತ ಆಯ್ಕೆ. ಬ್ಯಾಕ್ಟೀರಿಯಾ ತಿನ್ನುವ ಹುಳಕ್ಕೆ ಗ್ಲೂಕೋಸ್ ಸುರಿದ ಪ್ರಯೋಗದಿಂದ ಮುದ್ದೆ ಸೊಪ್ಪಿನ ಸಾರಿನ ಮೇಲೆ ತೀರ್ಪು ಕೊಡಲು ನನಗೆ ಧೈರ್ಯವಿಲ್ಲ. ಇನ್ಸುಲಿನ್ ಮಾತು ಡಾಕ್ಟ್ರು ನೋಡಿದರೆ ಬೈಯುತ್ತಾರೆ.

ವಾರ್ಡ್ ಡ್ಯೂಟಿ

ನೋಡಿದೆ. ಮುದ್ದೆ ಚಿಕ್ಕದು ಮಾಡಿ. ಸೊಪ್ಪು, ಕಾಳು ಜಾಸ್ತಿ ಹಾಕಿಕೊಳ್ಳಿ. ಇನ್ಸುಲಿನ್ ಮುಟ್ಟಬೇಡಿ.

ಪಿಂಚಣಿ ಮೇಷ್ಟ್ರು

ಪುಡಿ ಗಿಡಿ ಏನೂ ಇಲ್ಲದೆ ಸರ್ ಎಂವಿ ನೂರು ದಾಟಲಿಲ್ಲವೇ? ಸಿದ್ಧಗಂಗಾ ಶ್ರೀಗಳು 111 ವರ್ಷ ಇದ್ದರು. ನಮ್ಮ ಊರಿನಲ್ಲೂ ನೂರಿಪ್ಪತ್ತು ಅಂತ ಹೇಳಿಕೊಳ್ಳುವ ಅಜ್ಜ ಒಬ್ಬರಿದ್ದರು.

ತುಂಗಾತೀರ

ಮೇಷ್ಟ್ರೇ, ಮೊದಲಿಬ್ಬರು ಸರಿ. ಮೂರನೆಯವರ ಜನನ ಪ್ರಮಾಣಪತ್ರ ಯಾರಾದರೂ ನೋಡಿದ್ದಾರಾ? ಜಗತ್ತಿನಲ್ಲಿ ದಾಖಲೆ ಪರಿಶೀಲಿಸಿ ಒಪ್ಪಿರುವ ಅತಿ ದೊಡ್ಡ ವಯಸ್ಸು 122, ಫ್ರಾನ್ಸ್‌ನ ಜಾನ್ ಕಾಲ್ಮಾಂ ಅವರದ್ದು, 1997ರಲ್ಲಿ ತೀರಿಕೊಂಡರು. ಸಾಲ್ ನ್ಯೂಮನ್ ಅನ್ನೋ ಸಂಶೋಧಕರು ಶತಾಯುಷಿಗಳ ಅಂಕಿಅಂಶ ಕೆದಕಿ ನೋಡಿದರು. ಜನನ ದಾಖಲೆ ಸರಿಯಿಲ್ಲದ, ಬಡತನ ಜಾಸ್ತಿ ಇರುವ ಕಡೆಗಳಲ್ಲೇ ಶತಾಯುಷಿಗಳು ಜಾಸ್ತಿ ಸಿಗುತ್ತಾರೆ ಅಂತ ತೋರಿಸಿದ್ದಕ್ಕೆ 2024ರಲ್ಲಿ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು. ನಮ್ಮಲ್ಲೂ ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ್ದೇ ಹುಟ್ಟಿದ ತಾರೀಕು ಅಲ್ವಾ? ಎಷ್ಟು ಜನಕ್ಕೆ ಜೂನ್ ಒಂದು ಹಾಕಿದ್ದೀರಿ, ನಿಜ ಹೇಳಿ.

ಪಿಂಚಣಿ ಮೇಷ್ಟ್ರು

ಅದನ್ನು ಇಲ್ಲಿ ಕೇಳಬಾರದು.

ಕೋಲಾರದ ಮಾವು

ಇಷ್ಟೆಲ್ಲಾ ಓದಿದ ಮೇಲೆ ನನಗೊಂದು ನೆನಪಾಯಿತು. ನಾನು ಶ್ರೀನಿವಾಸಪುರ ತಾಲ್ಲೂಕಿನವನು. ನಮ್ಮ ಕಡೆ ಹಳ್ಳಿಗಳಲ್ಲಿ ಐಐಎಸ್‌ಸಿ ಮೆದುಳು ಕೇಂದ್ರದವರು ವಯಸ್ಸಾದವರ ಪರೀಕ್ಷೆ ಮಾಡುತ್ತಾರಲ್ಲ, ಅದು ಇದೇ ಕೆಲಸವಾ? ನಮ್ಮ ದೊಡ್ಡಮ್ಮನ ಹೆಸರು ಬರೆಸಿ ಅಂತ ಕೇಳಿದ್ದಾರೆ. ಅವರಿಗೆ ಭಯ. ಏನು ಮಾಡುತ್ತಾರೋ ಏನೋ ಅಂತ.

ವಾರ್ಡ್ ಡ್ಯೂಟಿ

ಅದು ಬೇರೆ ಥರದ ಕೆಲಸ ಅಣ್ಣಾ, ಆದರೆ ನನಗೆ ಕೇಳಿದರೆ ನಮ್ಮವರಿಗೆ ಹುಳಕ್ಕಿಂತ ಅದೇ ಹತ್ತಿರದ್ದು. ಸ್ಯಾನ್ಸ್‌ಕಾಗ್ ಅಂತ ಹೆಸರು, 2018ರಲ್ಲಿ ಶುರುವಾಯಿತು. 45 ದಾಟಿದ ಹಳ್ಳಿಯ ಜನ, ಒಟ್ಟು 10,000 ಮಂದಿಯನ್ನು ಸೇರಿಸುವ ಗುರಿ. ಒಂದೇ ಸಲ ನೋಡಿ ಬಿಡುವುದಿಲ್ಲ, ಅದೇ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ನೋಡುತ್ತಾರೆ. ಯಾರ ನೆನಪಿನ ಶಕ್ತಿ ಉಳಿಯುತ್ತದೆ, ಯಾರದ್ದು ಕುಗ್ಗುತ್ತದೆ, ಯಾಕೆ ಅಂತ. ಮರೆವಿನ ಕಾಯಿಲೆ ಬಗ್ಗೆ ನಾವು ಓದಿದ್ದೆಲ್ಲಾ ಹೆಚ್ಚುಕಮ್ಮಿ ಯುರೋಪ್, ಅಮೆರಿಕದ ಜನರಿಂದ ಬಂದದ್ದು. ಓದು ಬರಹ ಬಾರದ, ಜೀವಮಾನವೆಲ್ಲಾ ಹೊಲದಲ್ಲಿ ದುಡಿದ ದೊಡ್ಡಮ್ಮನಂಥವರ ಲೆಕ್ಕ ಅದರಲ್ಲಿ ಇರಲೇ ಇಲ್ಲ.

ಹೊಸ ಔಷಧಿ ಕೊಟ್ಟು ಪ್ರಯೋಗ ಮಾಡುವ ಕೆಲಸವಲ್ಲ. ನೆನಪಿನ ಪ್ರಶ್ನೆ ಕೇಳುತ್ತಾರೆ, ಬಿಪಿ, ಶುಗರ್ ನೋಡುತ್ತಾರೆ, ರಕ್ತ ತೆಗೆಯುತ್ತಾರೆ, ಮೆದುಳಿನ ಎಂಆರ್‌ಐ ಮಾಡುತ್ತಾರೆ. ಒಪ್ಪಿಗೆ ಇಲ್ಲದೆ ಏನೂ ಮಾಡುವ ಹಾಗಿಲ್ಲ. ಬೇಡ ಅನ್ನಿಸಿದರೆ ಮಧ್ಯದಲ್ಲೂ ಬಿಡಬಹುದು. ನೀವು ಜೊತೆಗೆ ಹೋಗಿ, ಏನೇನು ಪರೀಕ್ಷೆ ಅಂತ ಮೊದಲೇ ಕೇಳಿ, ರಿಪೋರ್ಟ್ ನಮಗೂ ಕೊಡುತ್ತೀರಾ ಅಂತಲೂ ಕೇಳಿ.

ಕೋಲಾರದ ಮಾವು

ಎಂಆರ್‌ಐ ಮಿಷನ್ ಒಳಗೆ ತೂರಿಸುತ್ತಾರೆ ಅಂತಲೇ ದೊಡ್ಡಮ್ಮನಿಗೆ ಭಯ. ಯಾರೋ ಹೆದರಿಸಿದ್ದಾರೆ.

ತಟ್ಟೆ ಎಣಿಸುವವಳು

ಶಬ್ದ ಜೋರು ಬರುತ್ತದೆ, ನೋವೇನಿಲ್ಲ ಅಂತ ಮೊದಲೇ ಹೇಳಿಬಿಡಿ. ಕಿವಿಗೆ ಹತ್ತಿ ಕೊಡುತ್ತಾರೆ. ಬಳೆ, ಮೂಗುತಿ, ಓಲೆ ಎಲ್ಲಾ ಮನೆಯಲ್ಲೇ ಬಿಚ್ಚಿಟ್ಟು ಹೋದರೆ ಒಳ್ಳೆಯದು. ಅಲ್ಲಿ ಹೋಗಿ ಮೂಗುತಿ ಬಿಚ್ಚಲು ಕೂತರೆ ಅರ್ಧ ದಿನ ಅದಕ್ಕೇ ಬೇಕು.